ಕಾಗೆ ಮುಟ್ಟದ ಎಲೆ

ಸತ್ತವರ ಫೋಟೋಗಳು ನಮ್ಮ ನಡುಮನೆಯ ಪಡುವಣ ಗೋಡೆಯ ಮೇಲಿದ್ದವು. ಬದುಕಿದ್ದವರ ಫೋಟೋ ಗೋಡೆಗೆ ಹಾಕುವ ರೂಢಿ ನಮ್ಮಲ್ಲಿರಲಿಲ್ಲ. ಅವು ಟ್ರಂಕಿನೊಳಗೆ ಸೀರೆಗಳ ಕೆಳಗೆ ಇರುತ್ತಿದ್ದವು. ಯಾರಾದರೂ ಹೋದ ಮೇಲೆ ಅವರದ್ದು ಕಟ್ಟು ಹಾಕಿಸಿಕೊಂಡು ಹೊರಗೆ ಬರುತ್ತಿತ್ತು. ತಾತ, ತಾತನ ಅಣ್ಣ, ಹೆರಿಗೆಯಲ್ಲಿ ತೀರಿಕೊಂಡ ಒಬ್ಬಳು ಅತ್ತೆ. ಆ ಸಾಲು ಮುಗಿಯುವ ಕಡೆ ಒಂದು ಮೊಳೆ, ಮೊಳೆಗೆ ಒಂದು ದುರ್ಬೀನು. ಅದು ನನ್ನ ಚಿಕ್ಕಪ್ಪ ನಾಗರಾಜನದು. ಅವನ ಫೋಟೋ ಟ್ರಂಕಿನಲ್ಲೇ ಇತ್ತು. ಅವನು ಸತ್ತ ಅಂತ ಯಾರೂ ಹೇಳಿರಲಿಲ್ಲ, ಇದ್ದಾನೆ ಅಂತಲೂ ಹೇಳಿರಲಿಲ್ಲ. ಹಬ್ಬದ ಹಿಂದಿನ ದಿನ ಅಮ್ಮ ಫೋಟೋಗಳ ಗಾಜು ಒರೆಸಿ ಒಂದೊಂದಕ್ಕೂ ಕುಂಕುಮದ ಬೊಟ್ಟಿಡುತ್ತಾ ಬಂದು ದುರ್ಬೀನಿನ ಮುಂದೆ ನಿಲ್ಲುತ್ತಿದ್ದಳು. ಬೆರಳ ತುದಿಯಲ್ಲಿ ಕುಂಕುಮ ಇರುತ್ತಿತ್ತು. ಅದನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋಗುತ್ತಿದ್ದಳು. ಅವಳ ಹಬ್ಬದ ಸೀರೆಗಳ ಸೆರಗಿನಲ್ಲೆಲ್ಲ ಆ ಕೆಂಪು ಇತ್ತು ಅಂತ ಬರೆಯಲು ಹೊರಟಿದ್ದೆ. ಬಹುಶಃ ಒಂದೇ ಒಂದು ಸೀರೆಯಲ್ಲಿ ಇದ್ದಿರಬೇಕು.

ಗುಬ್ಬಿಯಲ್ಲಿ ನಮ್ಮ ಮನೆ ರೈಲು ಕಂಬಿಯ ಈ ಪಕ್ಕ, ಸಣ್ಣಕೆರೆ ಆ ಪಕ್ಕ. ಅದಕ್ಕೆ ಬೇರೆ ಹೆಸರಿತ್ತೋ ಏನೋ, ನಮಗೆ ಸಣ್ಣಕೆರೆ. ಬೇಸಿಗೆಯಲ್ಲಿ ಹುಡುಗರು ಅದರ ಅಂಗಳದಲ್ಲಿ ಕ್ರಿಕೆಟ್ ಆಡುತ್ತಿದ್ದರು. ಗೌರಿಹಬ್ಬ ಕಳೆಯುವ ಹೊತ್ತಿಗೆ ಅವರು ನೆಟ್ಟ ವಿಕೆಟ್ಟಿನ ಕೋಲುಗಳ ಸುತ್ತ ನೀರು ನಿಂತು, ಕೋಲಿನ ಮೇಲೆ ಮಿಂಚುಳ್ಳಿ ಕೂರುತ್ತಿತ್ತು. ನನ್ನ ನೆನಪಿನಲ್ಲಿ ಆ ಕೆರೆ ಯಾವಾಗಲೂ ತುಂಬಿರುತ್ತದೆ. ಅದು ನಿಜವಿರಲಾರದು. ಆ ವರ್ಷಗಳಲ್ಲಿ ಎಷ್ಟೋ ಸಲ ಅಲ್ಲಿ ಕೆಸರು ಮತ್ತು ಜೊಂಡು ಬಿಟ್ಟರೆ ಏನೂ ಇರಲಿಲ್ಲ ಎಂದು ಅಮ್ಮ ಹೇಳುತ್ತಾಳೆ. ನಾನು ಬೆನ್ನು ತಿರುಗಿಸಿದಾಗಲೆಲ್ಲ ಯಾರೋ ಅದಕ್ಕೆ ನೀರು ತುಂಬಿಸುತ್ತಾರೆ.

ಚಿಕ್ಕಪ್ಪ ತುಮಕೂರಿನಲ್ಲಿ ಬಿಎಸ್ಸಿ ಓದುವಾಗ ಯಾರೋ ಮೇಷ್ಟರ ಜೊತೆ ಸೇರಿ ಹಕ್ಕಿ ನೋಡುವ ಗೀಳು ಹಚ್ಚಿಕೊಂಡು ಬಂದಿದ್ದ. ದುರ್ಬೀನು ಎಲ್ಲಿಂದ ತಂದನೋ ಗೊತ್ತಿಲ್ಲ. ಅದರ ಎಡಗಡೆಯ ಗಾಜಿನೊಳಗೆ ಬೂಷ್ಟು ಹಿಡಿದಿತ್ತು. ಎರಡೂ ಕಣ್ಣಿಟ್ಟು ನೋಡಿದರೆ ಎಲ್ಲ ಹಕ್ಕಿಯ ಪಕ್ಕದಲ್ಲೂ ಒಂದು ಬೂದುಮೋಡ ನಿಂತಿರುತ್ತಿತ್ತು. ಮಳೆ ಹಿಂದಾದ ಮೇಲೆ, ಪಿತೃಪಕ್ಷದಿಂದ ಹಿಡಿದು ಕಾರ್ತಿಕ ಮುಗಿಯುವವರೆಗೆ, ಪ್ರತಿ ಭಾನುವಾರ ಅವನು ನನ್ನನ್ನೂ ಅಜ್ಜಿಯನ್ನೂ ಸಣ್ಣಕೆರೆಗೆ ಎಳೆದುಕೊಂಡು ಹೋಗುತ್ತಿದ್ದ. ಅಜ್ಜಿ ಬರುತ್ತಿದ್ದದ್ದು ಒಲೆಗೆ ಒಣಗಿದ ಪುಳ್ಳೆ ಆರಿಸಲು. ಬೆಳ್ಳಕ್ಕಿ, ನಾಮದಕೋಳಿ, ಗುಳುಮುಳುಕ ಇವೆಲ್ಲ ಅವಳಿಗೆ ಮೊದಲಿಂದಲೂ ಗೊತ್ತು, ಅದರಲ್ಲಿ ನೋಡುವುದೇನಿದೆ ಎನ್ನುವಳು. ಒಂದೇ ಒಂದು ಹಕ್ಕಿ ಅವಳನ್ನು ನಿಲ್ಲಿಸಿತು. ಕುಂಡೆಕುಸ್ಕ. ಗುಬ್ಬಚ್ಚಿಗಿಂತ ತುಸು ಉದ್ದ, ಹೊಟ್ಟೆ ಹಳದಿ, ಒಂದು ಗಳಿಗೆಯೂ ಬಿಡದೆ ಬಾಲ ಮೇಲೆ ಕೆಳಗೆ ಆಡಿಸುತ್ತಾ ಕೆಸರಿನ ಮೇಲೆ ಓಡಾಡುವುದು.

"ಅವ್ವ, ಇದು ಹಿಮಾಲಯದ ಆ ಕಡೆಯಿಂದ ಬರ್ತದೆ. ಬೇಸಿಗೆಗೆ ವಾಪಸ್ ಹೋಯ್ತದೆ. ಮುಂದಿನ್ ವರ್ಷ ಮತ್ತೆ ಇದೇ ಕೆರೆಗೆ ಬರ್ತದೆ."

"ಬುಡ್ಲಾ, ಇಷ್ಟೇ ಇಷ್ಟದೆ. ದಾರಿ ಯಾರ್ ತೋರುಸ್ತಾರೆ ಅದುಕ್ಕೆ?"

"ಯಾರೂ ಇಲ್ಲ ಕಣವ್ವ. ಹೋದ ದಾರಿ ಅದು ಮರೆಯಕ್ಕಿಲ್ಲ."

ಅಜ್ಜಿ ಪುಳ್ಳೆಯ ಹೊರೆ ಕೆಳಗಿಟ್ಟು, ಸೊಂಟದ ಮೇಲೆ ಕೈ ಇಟ್ಟುಕೊಂಡು ಬಹಳ ಹೊತ್ತು ಅದನ್ನು ನೋಡಿದಳು.

ಜಗಳವಾದದ್ದು ಒಂದು ಭಾನುವಾರ ಮಧ್ಯಾಹ್ನ, ಊಟದ ಹೊತ್ತಿನಲ್ಲಿ. ಅಪ್ಪ ತುಮಕೂರಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಬೆಳಗ್ಗೆ ರೈಲಿಗೆ ಹೋದರೆ ಸಂಜೆ ಗ್ರೀಸಿನ ವಾಸನೆಯೊಂದಿಗೆ ಬರುತ್ತಿದ್ದರು. ಚಿಕ್ಕಪ್ಪ ಡಿಗ್ರಿ ಮುಗಿಸಿ ಮನೆಯಲ್ಲಿ ಕೂತು ಬಹಳ ಕಾಲವಾಗಿತ್ತು. ಅವತ್ತು ಮುದ್ದೆ, ಹುರುಳಿಕಾಳಿನ ಬಸ್ಸಾರು. ಅದು ಅವನಿಗೆ ಇಷ್ಟವಾದ ಅಡುಗೆ.

"ನಾಳೆ ನನ್ ಜೊತೆ ಡಿಪೋಗೆ ಬಾ. ಸಾಹೇಬ್ರಿಗೆ ಹೇಳಿವ್ನಿ," ಅಂದರು ಅಪ್ಪ.

"ನಾಳೆ ಕುಣಿಗಲ್ ಕೆರೆಗೆ ಹೋಗ್ಬೇಕಣ್ಣ. ಬಾತುಗಳು ಬಂದವಂತೆ."

"ಬಾತು ನಿಂಗೆ ಅನ್ನ ಹಾಕ್ತವಾ?"

"ಹಾಕ್ದೆ ಇದ್ರೂ ಬೈಯಕ್ಕಿಲ್ಲ."

ಅಜ್ಜಿ ನಕ್ಕುಬಿಟ್ಟಳು. ಅವಳು ನಗದೇ ಇದ್ದಿದ್ದರೆ ಅಪ್ಪ ಮುಂದಿನ ಮಾತು ಆಡುತ್ತಿರಲಿಲ್ಲವೇನೋ.

"ಹಂಗಾದ್ರೆ ಅಲ್ಲೇ ಇರು. ಈ ಮನೇಲಿ ತಟ್ಟೆ ಮುಂದೆ ಕೂರ್ಬೇಡ."

ಚಿಕ್ಕಪ್ಪ ಎದ್ದ. ತಟ್ಟೆಯಲ್ಲಿ ಅರ್ಧ ಮುದ್ದೆ ಉಳಿದಿತ್ತು, ಅದರ ಮೇಲೆ ಅವನ ಬೆರಳಿನ ಗುಳಿಗಳಿದ್ದವು. ಇಲ್ಲ, ಅವನು ಪೂರ್ತಿ ಉಂಡೇ ಎದ್ದ ಎನ್ನುತ್ತಾಳೆ ಅಮ್ಮ. ತಟ್ಟೆ ತೊಳೆದವಳು ಅವಳು. ಆದರೆ ಆ ಅರ್ಧ ಮುದ್ದೆಯನ್ನು ನಾನು ಈಗಲೂ ನೋಡಬಲ್ಲೆ. ಯಾರ ತಟ್ಟೆಯದ್ದೋ, ಯಾವತ್ತಿನದ್ದೋ ತಂದು ಅಲ್ಲಿ ಇಟ್ಟುಕೊಂಡಿದ್ದೇನೆಯೋ ಏನೋ.

ಮಾರನೆಯ ಬೆಳಗ್ಗೆ ಅವನು ಕುಣಿಗಲ್ಲಿಗೆ ಹೋದ. ಸಂಜೆ ಬರಲಿಲ್ಲ. ಆ ಬೆಳಗ್ಗೆಯದ್ದು ನನ್ನ ಹತ್ತಿರ ಎರಡು ನೆನಪುಗಳಿವೆ. ಒಂದರಲ್ಲಿ ನಾನು ಜಗಲಿಯಲ್ಲಿ ಹಲ್ಲುಜ್ಜುತ್ತಿದ್ದೇನೆ, ಅವನು ನನ್ನ ಜಡೆ ಎಳೆದು "ಬರ್ತೀನಿ ಕಣೆ" ಎಂದು ಹೋಗುತ್ತಾನೆ. ಇನ್ನೊಂದರಲ್ಲಿ ನಾನು ಎದ್ದಾಗ ಅವನ ಚಾಪೆ ಸುತ್ತಿಟ್ಟಿದೆ, ಅಷ್ಟೇ. ಎರಡರಲ್ಲೂ ದುರ್ಬೀನು ಮೊಳೆಯಲ್ಲಿ ನೇತಾಡುತ್ತಿದೆ. ಅದೊಂದು ಮಾತ್ರ ಎಲ್ಲರೂ ಒಪ್ಪುವ ಸಂಗತಿ. ಹಕ್ಕಿ ನೋಡಲು ಹೋದವನು ದುರ್ಬೀನು ಬಿಟ್ಟುಹೋಗಿದ್ದ.

ಅಪ್ಪ ರಜೆ ಹಾಕಿ ಕುಣಿಗಲ್ ಕೆರೆಯ ಏರಿಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆದರು. ಮೀನು ಹಿಡಿಯುವವರನ್ನು ಕೇಳಿದರು. ಕೆರೆ ಕೋಡಿ ಬಿದ್ದಿದ್ದ ವರ್ಷ ಅದು. ನೀರು ಏನನ್ನೂ ಹೇಳಲಿಲ್ಲ. ಪೊಲೀಸರಿಗೆ ದೂರು ಕೊಟ್ಟರು. ಸಿ.ಎಸ್. ಪುರದ ಬಸ್ಸಿನಲ್ಲಿ ಅವನನ್ನು ನೋಡಿದೆ ಅಂದರು ಒಬ್ಬರು. ದೇವರಾಯನದುರ್ಗದಲ್ಲಿ ಗಡ್ಡ ಬಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದ ಅಂದರು ಇನ್ನೊಬ್ಬರು. ಅಪ್ಪ ಎರಡೂ ಕಡೆ ಹೋಗಿ ಬಂದರು. ಅವನು ಸಿಗಲಿಲ್ಲ ಅಂತ ಅವರು ಚಪ್ಪಲಿ ಬಿಡುವ ಸದ್ದಿನಲ್ಲೇ ನಮಗೆ ಗೊತ್ತಾಗುತ್ತಿತ್ತು.

ನಮ್ಮ ಕಡೆ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಸತ್ತವರೊಬ್ಬೊಬ್ಬರಿಗೂ ಒಂದೊಂದು ಎಲೆ ಹಾಕಿ, ಬದುಕಿದ್ದಾಗ ಅವರಿಗೆ ಏನು ಇಷ್ಟವಿತ್ತೋ ಅದನ್ನೆಲ್ಲ ಬಡಿಸಿ, ನಡುಮನೆಯ ಬಾಗಿಲು ಎಳೆದುಕೊಂಡು ಹೊರಗೆ ಕಾಯುತ್ತಾರೆ. ಆಮೇಲೆ ಎಲೆಗಳನ್ನು ಮಾಳಿಗೆಯ ಮೇಲಿಟ್ಟು ಕಾಗೆಯನ್ನು ಕರೆಯುತ್ತಾರೆ. ಕಾಗೆ ಮುಟ್ಟಿದರೆ ಹಿರಿಯರು ಉಂಡರು ಅಂತ. ಮನೆಯವರ ಊಟ ಅದಾದ ಮೇಲೆಯೇ. ಚಿಕ್ಕಪ್ಪ ಹೋದ ಮೇಲಿನ ಮೊದಲ ಪಕ್ಷದಲ್ಲಿ ಅಜ್ಜಿ ಎಲೆಗಳನ್ನು ತೊಳೆದು ಜೋಡಿಸುತ್ತಾ ಅಪ್ಪನ ಕಡೆ ನೋಡದೆ ಕೇಳಿದಳು.

"ಇನ್ನೊಂದ್ ಎಲೆ ಹಾಕ್ಲಾ ರಂಗ?"

"ಯಾರ್ಗೆ?"

"ಯಾರ್ಗೆ ಅಂತ ಬಾಯ್ಬಿಟ್ಟು ಹೇಳ್ಬೇಕಾ?"

"ಬದ್ಕಿರೋನಿಗೆ ಎಡೆ ಇಡ್ತಾರೇನವ್ವ? ನೀನೇ ಸಾಯುಸ್ತೀಯಾ ಅವುನ್ನ?"

"ಬದ್ಕಿದ್ರೆ ಎಲ್ಲೋ ಒಂದ್ಕಡೆ ಉಣ್ತಾನೆ, ಬುಡು. ಇಲ್ದೆ ಇದ್ರೆ? ಈ ಮನೆ ಬಿಟ್ರೆ ಅವುನ್ ಹೊಟ್ಟೆಗೆ ಇನ್ಯಾರ್ ಇಡ್ತಾರ್ಲಾ?"

"ಈ ಮನೇಲಿ ನಾಗಂಗೆ ಎಡೆ ಇಲ್ಲ. ನಾನಿರೋಗಂಟ ಇಲ್ಲ."

ಅಪ್ಪ ಕೂಗಲಿಲ್ಲ. ಆ ಮಾತು ಹೇಳುವಾಗ ಅವರು ಗೋಡೆಯ ಕಡೆ ನೋಡುತ್ತಿದ್ದರು. ತಟ್ಟೆ ಮುಂದೆ ಕೂರಬೇಡ ಎಂದು ಹೇಳಿ ಕಳಿಸಿದವನಿಗೆ ಸತ್ತ ಮೇಲೆ ಎಲೆ ಹಾಕುವುದು ಅವರಿಂದಾಗುತ್ತಿರಲಿಲ್ಲ. ಇದು ನನ್ನ ಈಗಿನ ತಿಳಿವಳಿಕೆ. ಆಗ ನನಗೆ ಅನ್ನಿಸಿದ್ದು, ಕಾಗೆಗೆ ಒಂದು ವಡೆ ಕಮ್ಮಿಯಾಯಿತು ಅಂತ.

ಅದರ ಮುಂದಿನ ಭಾನುವಾರ ಅಜ್ಜಿ ಮೊಳೆಯಿಂದ ದುರ್ಬೀನು ತೆಗೆದು ನನ್ನ ಕೊರಳಿಗೆ ಹಾಕಿದಳು. "ಹಕ್ಕಿ ನೋಡ್ಕಂಡು ಬತ್ತೀವಿ," ಎಂದು ಅಮ್ಮನಿಗೆ ಹೇಳಿದಳು. ಅಪ್ಪ ಅಂಗಳದಲ್ಲಿ ಕನ್ನಡಿ ಇಟ್ಟುಕೊಂಡು ಗಡ್ಡ ಹೆರೆದುಕೊಳ್ಳುತ್ತಿದ್ದರು, ತಿರುಗಲಿಲ್ಲ. ಅಜ್ಜಿಯ ಸೆರಗಿನಡಿಯಲ್ಲಿ ಒಂದು ಸ್ಟೀಲ್ ಡಬ್ಬಿ ಇತ್ತು. ಅದು ನಮ್ಮ ತಿಂಡಿ ಎಂದುಕೊಂಡಿದ್ದೆ. ಏರಿಯ ಕೆಳಗೆ ಹೆಂಗಸರು ಬಟ್ಟೆ ಒಗೆಯುವ ಚಪ್ಪಡಿಯ ಮೇಲೆ ಅವಳು ಮುತ್ತುಗದ ಎಲೆ ಹಾಸಿ, ಅನ್ನ ಬಸ್ಸಾರು ಕಲೆಸಿದ್ದು, ಒಂದು ಕಜ್ಜಾಯ ಬಡಿಸಿದಳು. ಎಲೆಯ ಸುತ್ತ ನೀರು ಬಿಟ್ಟಳು. ಆಮೇಲೆ ನನ್ನನ್ನು ಹೊಂಗೆಮರದ ಬುಡಕ್ಕೆ ಕರೆದುಕೊಂಡು ಬಂದು, ಲಂಟಾನದ ಒಂದು ಕೋಲು ಮುರಿದುಕೊಂಡು ಪಕ್ಕದಲ್ಲಿ ಕೂತಳು.

"ಕಾಗೆ ಬಂದ್ರೆ ಹೇಳು. ಬೇರೆ ಯಾವ್ದಾದ್ರೂ ಬಂದ್ರೆ ಉಸ್ರೆತ್ಬೇಡ."

ಕಾಗೆ ಬಂತು. ಅದು ಬರುವುದನ್ನೇ ಕಾಯುತ್ತಿದ್ದವಳ ಹಾಗೆ ಅಜ್ಜಿ ಎದ್ದು ಕೋಲು ಬೀಸುತ್ತಾ ಓಡಿದಳು. ಅವಳು ಓಡಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಎಡೆ ಇಡುವುದು ಕಾಗೆಗೆ. ಇಟ್ಟು ಕಾಗೆಯನ್ನೇ ಓಡಿಸುವುದು ಯಾವ ಶಾಸ್ತ್ರದಲ್ಲೂ ಇಲ್ಲ. ಯಾಕೆ ಅಂತ ಕೇಳಿದೆ. ಏದುಸಿರು ಬಿಡುತ್ತಾ ಹೇಳಿದಳು. ಮತ್ತೆಂದೂ ಅವಳು ಆ ಮಾತು ಎತ್ತಲಿಲ್ಲ.

"ಕಾಗೆ ಮುಟ್ಟುದ್ರೆ ಹೋದ ಅಂತ ಅರ್ಥ ಕಣ್ಮಗ. ಹೋಗಿ ಬರೋ ಹಕ್ಕಿ ಮುಟ್ಟುದ್ರೆ, ಹೋಗವ್ನೆ, ಬತ್ತಾನೆ ಅಂತ."

ಹೀಗೆ ನಾವು ವರ್ಷ ವರ್ಷವೂ ಮಳೆ ಹಿಂದಾದ ಮೇಲಿನ ಭಾನುವಾರಗಳಲ್ಲಿ ಹಕ್ಕಿ ನೋಡಿದೆವು. ಕೆರೆಯ ಎಲ್ಲ ಹಕ್ಕಿಗಳೂ ನನಗೆ ಎರಡೇ ಜಾತಿಯಾದವು, ಬರಬಾರದವು ಮತ್ತು ಬರಬೇಕಾದವು. ಬರಬೇಕಾದವು ಎಲೆಯ ಹತ್ತಿರ ಸುಳಿಯುತ್ತಲೇ ಇರಲಿಲ್ಲ. ಉದ್ದಕಾಲಿನವು ದೂರದ ನೀರಿನಲ್ಲಿ ತಮ್ಮ ಪಾಡಿಗೆ ನಿಂತಿರುತ್ತಿದ್ದವು. ಒಮ್ಮೆ ಒಂದು ನೀರುಕಾಗೆ ಪಕ್ಕದ ಕಲ್ಲಿನ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳತೊಡಗಿತು.

"ಇದೂ ಅವ್ರ ಕಡೇದೇನಾ?"

"ಇಲ್ಲಜ್ಜಿ, ಇದು ಮೀನು ತಿನ್ನೋದು. ಹೆಸರಿಗಷ್ಟೇ ಕಾಗೆ ಅಂತಿದ್ದ ಚಿಕ್ಕಪ್ಪ."

"ಯಾಕ್ ಬೇಕು, ಓಡ್ಸು ಅದುನ್ನೂ."

ಬಿಸಿಲೇರುವ ಹೊತ್ತಿಗೆ ಎಲೆಗೆ ಇರುವೆ ಹತ್ತುತ್ತಿತ್ತು. ಅಜ್ಜಿ ಎಲೆ ಮಡಿಸಿ ನೀರಿಗೆ ಬಿಡುತ್ತಿದ್ದಳು. ಪಕ್ಕದ ಮನೆಯ ಗೌರಕ್ಕ ಬಟ್ಟೆಯ ಗಂಟು ಹೊತ್ತುಕೊಂಡು ಚಪ್ಪಡಿ ಖಾಲಿಯಾಗುವುದನ್ನೇ ಕಾಯುತ್ತಾ ನಿಂತಿರುತ್ತಿದ್ದಳು. ಅವಳಿಗೆ ಎಲ್ಲವೂ ಗೊತ್ತಿತ್ತು, ಅಪ್ಪನಿಗೆ ಹೇಳಲಿಲ್ಲ. ತಮಾಷೆ ಮಾಡುವುದನ್ನು ಮಾತ್ರ ಬಿಡಲಿಲ್ಲ.

"ಏನ್ ದೊಡ್ಡಮ್ಮ, ಕಾಗೆಗೂ ನಿಮ್ಗೂ ಯಾವ್ ಕಾಲದ ದ್ವೇಷ? ನಾಳೆ ನಿಮ್ಮೆಡೇಗೂ ಅವೇ ಬರ್ಬೇಕು. ಒಸಿ ನೋಡ್ಕಂಡು ಹೊಡೀರಿ."

"ನಂಗೆ ಬರ್ದಿದ್ರೂ ಚಿಂತಿಲ್ಲ ಕಣೆ. ಇವತ್ತು ಬರ್ಬಾರ್ದು."

ಕುಂಡೆಕುಸ್ಕ ಬಂದದ್ದು ಯಾವ ವರ್ಷ ಅಂತ ಹೇಳಲಾರೆ. ದಸರಾ ರಜೆ ಮುಗಿದಿರಲಿಲ್ಲ, ನನ್ನ ಮೊಣಕಾಲಿನಲ್ಲಿ ಗಾಯವಿತ್ತು. ಅದು ಕೆಸರಿನ ಅಂಚಿನಿಂದ ಓಡೋಡಿ ಬಂದು ಚಪ್ಪಡಿಯ ಕೆಳಗೆ ನಿಂತು ಬಾಲ ಆಡಿಸಿತು. ಆಮೇಲೆ ಚಪ್ಪಡಿ ಹತ್ತಿತು. ಅಜ್ಜಿಯ ಕೈ ನನ್ನ ಭುಜವನ್ನು ಹಿಡಿಯಿತು. ಉಗುರಿನ ಗುರುತು ಬಿತ್ತು. ನಾನು ದುರ್ಬೀನು ಕಣ್ಣಿಗಿಟ್ಟುಕೊಂಡೆ. ಹಳದಿ ಹೊಟ್ಟೆ, ಪಕ್ಕದಲ್ಲಿ ಎಂದಿನ ಬೂದುಮೋಡ. ಹಕ್ಕಿ ಎಲೆಯ ಅಂಚಿಗೆ ಬಂದು, ಕತ್ತು ಮುಂದೆ ಮಾಡಿ, ಏನನ್ನೋ ಕೊಕ್ಕಿನಲ್ಲಿ ಎತ್ತಿ ನುಂಗಿತು.

"ಏನ್ ತಗಂತು?"

ಎಲೆಯ ಮೇಲೆ ನೊಣಗಳಿದ್ದವು. ಕುಂಡೆಕುಸ್ಕ ನೊಣ ತಿನ್ನುವ ಹಕ್ಕಿ. ಎಲೆಯ ಮೇಲೆ ಅನ್ನವೂ ಇತ್ತು. ನಾನು "ಅನ್ನ ಅಜ್ಜಿ" ಅಂದದ್ದು ನೆನಪಿದೆ. ನಾನು ಏನೂ ಹೇಳದೆ ಇದ್ದದ್ದು, ಅಜ್ಜಿಯೇ "ಅನ್ನನೇ, ಅನ್ನನೇ" ಅಂದದ್ದು, ಅದೂ ಅಷ್ಟೇ ಚೆನ್ನಾಗಿ ನೆನಪಿದೆ. ಕೊಕ್ಕಿನಲ್ಲಿದ್ದದ್ದು ಮಾತ್ರ ನೆನಪಿಲ್ಲ. ಎಷ್ಟು ಸಲ ನೋಡಿದರೂ ಅಲ್ಲಿಗೆ ಬೂಷ್ಟು ಬಂದು ಕೂರುತ್ತದೆ. ಅವತ್ತು ಮನೆಗೆ ಬಂದು ಅಜ್ಜಿ, "ಮುದ್ದೆ ಒಸಿ ದಪ್ಪ ಕಟ್ಟಮ್ಮ, ಹಸಿವಾಯ್ತದೆ," ಅಂದಳು. ಎಷ್ಟೋ ಕಾಲದಿಂದ ಅವಳು ಅರ್ಧ ಮುದ್ದೆಗೇ ಕೈ ತೊಳೆಯುತ್ತಿದ್ದಳು. ಅಮ್ಮ ನನ್ನ ಮುಖ ನೋಡಿದಳು. ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮುಂದಿನ ಭಾನುವಾರ ಮತ್ತೆ ಡಬ್ಬಿ ಹೊರಟಿತು.

"ಉಂಡನಲ್ಲ ಅಜ್ಜಿ?"

"ಹೋದ್ವಾರ ಉಂಡ ಅಂತ ಈ ವಾರ ಹಸಿಯಕ್ಕಿಲ್ವಾ?"

ನಾನು ತುಮಕೂರಿನಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ಅಜ್ಜಿ ತೀರಿಕೊಂಡಳು, ಒಂದು ಬೇಸಿಗೆಯಲ್ಲಿ. ಅವಳ ಫೋಟೋ ಟ್ರಂಕಿನಿಂದ ಹೊರಗೆ ಬಂತು. ಗೋಡೆಯಲ್ಲಿ ತಾತನ ಸಾಲು, ಆಮೇಲೆ ದುರ್ಬೀನು. ಅಪ್ಪ ಸುತ್ತಿಗೆ ಹಿಡಿದುಕೊಂಡು ಅಲ್ಲಿ ಸುಮಾರು ಹೊತ್ತು ನಿಂತರು. ಕೊನೆಗೆ ದುರ್ಬೀನನ್ನು ಇದ್ದಲ್ಲೇ ಬಿಟ್ಟು ಅದರ ಆಚೆಗೆ ಹೊಸ ಮೊಳೆ ಹೊಡೆದರು. ಈಗ ಅದು ಸತ್ತವರ ನಡುವೆ ಬಂತು. ನೋಡಿದವರಿಗೆ ಸಾಲಿನಲ್ಲಿ ಒಂದು ಹಲ್ಲು ಮುರಿದ ಹಾಗೆ ಕಾಣುತ್ತಿತ್ತು.

ವರ್ಷ ತುಂಬಿದ ಮೇಲೆ ಬಂದ ಪಕ್ಷದಲ್ಲಿ ಅಜ್ಜಿಗೆ ಮೊದಲ ಎಡೆ. ಕೋಳಿಸಾರು, ವಡೆ, ಕಜ್ಜಾಯ, ಅವಳು ಮೆಲ್ಲುತ್ತಿದ್ದ ಎಲೆಅಡಿಕೆ, ಹೊಸ ಸೀರೆ. ಅಪ್ಪ ಎಲೆಗಳನ್ನು ಮಾಳಿಗೆಗೆ ಒಯ್ದು ಕಾಗೆಯನ್ನು ಕರೆದರು. ತಾತನ ಎಲೆಗೆ ಬಂದವು. ಅತ್ತೆಯ ಎಲೆಗೆ ಬಂದವು. ಅಜ್ಜಿಯ ಎಲೆಯ ಹತ್ತಿರಕ್ಕೆ ಕುಪ್ಪಳಿಸಿ ಬಂದು, ಕತ್ತು ಓರೆ ಮಾಡಿ ನೋಡಿ, ಹಾರಿಹೋದವು. ಅಪ್ಪ ಕರೆಯುತ್ತಲೇ ಇದ್ದರು. ಬಿಸಿಲು ತಿರುಗಿತು. ಕೆಳಗೆ ನೆಂಟರು ಹಸಿದು ಕೂತಿದ್ದರು, ಮಕ್ಕಳು ಅಳುತ್ತಿದ್ದವು. ಗೌರಕ್ಕ ಮೆಟ್ಟಿಲ ಮೇಲೆ ತಲೆ ತೂರಿಸಿದಳು.

"ಏನೋ ಆಸೆ ಉಳ್ಕಂಡದೆ ರಂಗಣ್ಣ. ನಡೆಸ್ಕೊಡ್ತೀನಿ ಅಂತ ಬಾಯ್ಬಿಟ್ಟು ಹೇಳು."

ಅವಳ ಆಸೆ ಏನು ಅಂತ ಅಪ್ಪನಿಗೆ ಗೊತ್ತಿತ್ತು, ಗೊತ್ತಿದೆ ಎಂದುಕೊಂಡಿದ್ದರು. ಟವೆಲು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು, ಎಲೆಗೆ ಹೇಳುವವರಂತೆ ಮೆಲ್ಲಗೆ ಹೇಳಿದರು.

"ಆಯ್ತು ಕಣವ್ವ. ನಾಗಂಗೂ ಎಲೆ ಹಾಕ್ತೀನಿ. ಉಣ್ಣು."

ಕಾಗೆ ಬರಲಿಲ್ಲ. ಅಪ್ಪನ ಮುಖ ನೋಡಲಾಗಲಿಲ್ಲ. ಆಡಲಾರದ ಮಾತನ್ನು ಆಡಿಯೂ ಅದು ಸಾಲದೆ ಹೋಗಿತ್ತು. ನಾನು ಅವರ ಹತ್ತಿರ ಹೋಗಿ ಕೆರೆಯ ಕಥೆ ಹೇಳಿದೆ. ಡಬ್ಬಿ, ಚಪ್ಪಡಿ, ಲಂಟಾನದ ಕೋಲು. ಅಜ್ಜಿ ಎಲೆ ಹಾಕುತ್ತಿದ್ದದ್ದು ನಿಜ, ಕಾಗೆಗೆ ಕೊಡುತ್ತಿರಲಿಲ್ಲ ಅನ್ನುವುದು. ಯಾವ ಹಕ್ಕಿಗೆ ಕಾಯುತ್ತಿದ್ದಳು ಅನ್ನುವುದು.

ಅಪ್ಪ ಒಂದು ಸಲ ನಕ್ಕರು, ಅಥವಾ ಗಂಟಲು ಸರಿಮಾಡಿಕೊಂಡರು.

"ಅಷ್ಟ್ ವರ್ಷ ಕೋಲ್ನಲ್ಲಿ ಓಡ್ಸವ್ಳೆ. ಈಗ ಕರುದ್ರೆ ಎಲ್ ಬತ್ತವೆ."

ಆಮೇಲೆ ಅಜ್ಜಿಯ ಎಲೆ ಎತ್ತಿಕೊಂಡು ಕೆಳಗಿಳಿದರು. ಅಡುಗೆಮನೆಗೆ ಹೋಗಿ ಬಂದರು. ಮೊಳೆಯಿಂದ ದುರ್ಬೀನು ತೆಗೆದು ನನ್ನ ಕೈಗೆ ಕೊಟ್ಟರು. ನೆಂಟರ ನಡುವೆ, ಯಾರಿಗೂ ಏನೂ ಹೇಳದೆ, ರೈಲು ಕಂಬಿ ದಾಟಿ ಸಣ್ಣಕೆರೆಗೆ ನಡೆದರು. ಅವರು ಆ ಏರಿ ಹತ್ತಿದ್ದನ್ನು ನಾನು ಅದುವರೆಗೂ ನೋಡಿರಲಿಲ್ಲ. ಆದರೂ ಯಾವ ಚಪ್ಪಡಿ ಎಂದು ಕೇಳಲಿಲ್ಲ.

ಅವರ ಕೈಯಲ್ಲಿ ಎರಡು ಎಲೆಗಳಿದ್ದವು. ಒಂದೇ ಇದ್ದದ್ದು ಎನ್ನುತ್ತಾರೆ ಅಪ್ಪ ಈಗ ಕೇಳಿದರೆ. ಅಮ್ಮ ಅದಕ್ಕೆ ಹೌದು ಅನ್ನುವುದಿಲ್ಲ, ಅಲ್ಲ ಅನ್ನುವುದಿಲ್ಲ. ನಾನು ಕಂಡದ್ದನ್ನು ಬರೆಯುತ್ತೇನೆ. ಅಜ್ಜಿಯ ಎಲೆಯನ್ನು ಚಪ್ಪಡಿಯ ಈ ಬದಿಗಿಟ್ಟರು. ಆ ಬದಿಗೆ ಇನ್ನೊಂದು ಎಲೆ ಹಾಸಿ ಅನ್ನ, ಒಂದು ಕಜ್ಜಾಯ ಇಟ್ಟು ಸುತ್ತ ನೀರು ಬಿಟ್ಟರು. ನಾವು ಹೊಂಗೆಮರದ ಬುಡಕ್ಕೆ ಬಂದು ಕೂತೆವು. ಬಹಳ ಹೊತ್ತಿನ ಮೇಲೆ ಒಂದು ಕಾಗೆ ಇಳಿಯಿತು. ಯಾರೂ ಕೋಲು ಎತ್ತಲಿಲ್ಲ. ಅದು ಎರಡು ಸಲ ಹಿಂದೆ ಹಾರಿ, ಮೂರನೆಯ ಸಲ ಅಜ್ಜಿಯ ಎಲೆಯಿಂದ ವಡೆಯ ಚೂರೊಂದನ್ನು ಎತ್ತಿಕೊಂಡಿತು. ಅಪ್ಪ ಕೈ ಮುಗಿದರು. ಕಾಗೆ ನುಂಗಿ, ಕೊಕ್ಕು ಕಲ್ಲಿಗೆ ಉಜ್ಜಿ, ಪಕ್ಕದ ಎಲೆಯ ಕಡೆ ಕುಪ್ಪಳಿಸಿತು.

ಅಪ್ಪ ಎದ್ದು ಓಡಿದರು. ಟವೆಲು ಬೀಸಿದರು, ಕಾಗೆ ಹಾರಿ ಹೊಂಗೆಯ ಮೇಲೆ ಕೂತಿತು. ಅಪ್ಪ ವಾಪಸ್ ಬರಲಿಲ್ಲ, ಎಲೆಗೂ ಮರಕ್ಕೂ ನಡುವೆ ನಿಂತರು. ನಾನು ದುರ್ಬೀನು ಕಣ್ಣಿಗಿಟ್ಟು ಕೆಸರಿನ ಅಂಚನ್ನು ಈ ತುದಿಯಿಂದ ಆ ತುದಿಗೆ ನೋಡಿದೆ. ಕೆಲವು ವರ್ಷ ಕುಂಡೆಕುಸ್ಕಗಳು ತಡವಾಗಿ ಬರುತ್ತವೆ. ಬೂದುಮೋಡ ಬಿಟ್ಟರೆ ಏನೂ ಇರಲಿಲ್ಲ.

"ಕಾಗೆ ಮುಟ್ಟಿತಲ್ಲಪ್ಪ, ಹೋಗೋಣ," ಎಂದೆ. "ಮನೇಲಿ ಎಲ್ಲ ಹಸ್ಕೊಂಡವ್ರೆ."

ಅಪ್ಪ ಮರದಿಂದ ಕಣ್ಣು ತೆಗೆಯಲಿಲ್ಲ.

"ಇರು," ಅಂದರು. "ಅವ್ನಿನ್ನೂ ಉಂಡಿಲ್ಲ."